ಏರಿನಲ್ಲಿ ಪಿಕಪ್ ಬೀಳುವ ಕಾರು: ದೋಷ ಹುಡುಕಿದ ಬಗೆ

ಆಕ್ಸಿಲರೇಟರ್ ಒತ್ತಿದ ಕೂಡಲೇ ಮುನ್ನುಗ್ಗಬೇಕಾದ ಕಾರು ಇದ್ದಕ್ಕಿದ್ದಂತೆ ಸೊರಗಿ, ಸ್ವಲ್ಪ ಹೊತ್ತಿನ ನಂತರ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಎಳೆಯತೊಡಗಿದರೆ, ಅಂಥ ದೋಷವನ್ನು ಹುಡುಕುವುದು ಸದಾ ಇರುವ ದೋಷವನ್ನು ಹುಡುಕುವುದಕ್ಕಿಂತ ಬಹಳ ಕಷ್ಟ. ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಗಾಡಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ಮೊದಲು ಪ್ಲಗ್, ಆಮೇಲೆ ಕಾಯಿಲ್, ಆಮೇಲೆ ಯಾವುದೋ ಸೆನ್ಸರ್ ಎಂದು ಊಹೆಯ ಮೇಲೆಯೇ ಬಿಡಿಭಾಗಗಳು ಬದಲಾಗುತ್ತಾ ಹೋಗುತ್ತವೆ, ದೋಷ ಮಾತ್ರ ಅಲ್ಲೇ ಉಳಿಯುತ್ತದೆ. ಎಂಜಿನ್ ಮೇಲೆ ಎಷ್ಟು ಹೊರೆ ಬಿದ್ದಾಗ ತೊಂದರೆ ಕಾಣಿಸಿಕೊಳ್ಳುತ್ತದೆಯೋ ಅಷ್ಟೇ ಹೊರೆಯಲ್ಲಿ ಅಳೆದು ನೋಡುವವರೆಗೆ ಒಂದು ಭಾಗವನ್ನೂ ಬದಲಾಯಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮದು ಟರ್ಬೊ ಇಲ್ಲದ, ಸ್ವಲ್ಪ ಹಳೆಯದಾದ ಪೆಟ್ರೋಲ್ ಕಾರು. ಮಂಡ್ಯದಿಂದ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಸುತ್ತಮುತ್ತ ಲಾರಿಯನ್ನು ಹಿಂದಿಕ್ಕಲು ಹೊರಟರೆ, ಇಲ್ಲವೇ ಚಾಮುಂಡಿ ಬೆಟ್ಟದ ಏರಿನಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದರೆ, ಎಳೆತ ಹಠಾತ್ತನೆ ಕುಸಿಯುತ್ತಿತ್ತು. ಬೆಳಗಿನ ತಂಪಿನಲ್ಲಿ ಸುಳಿವೇ ಇರುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಅದರಲ್ಲೂ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ, ಹೆಚ್ಚಾಗುತ್ತಿತ್ತು. ಎಂಜಿನ್ ದೀಪ ಒಮ್ಮೆಯೂ ಹೊತ್ತಿಕೊಳ್ಳಲಿಲ್ಲ. ಈ ವಿವರಗಳನ್ನು ಬರೆದಿಟ್ಟುಕೊಳ್ಳುವುದು ಯಾವ ಸ್ಕ್ಯಾನರಿಗೂ ಕಡಿಮೆಯಿಲ್ಲದ ಸಹಾಯ ಮಾಡುತ್ತದೆ.

ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಓಬಿಡಿ (ದೋಷ ಪತ್ತೆಯ) ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಎಂಜಿನ್ನಿನ ಅಂಕಿಗಳು ಮೊಬೈಲಿನಲ್ಲಿ ದಾಖಲಾಗುತ್ತವೆ. ನಾನು ಓಡಿಸುವಾಗ ಬಾವಮೈದುನ ಪಕ್ಕದಲ್ಲಿ ಕುಳಿತು ಮೊಬೈಲ್ ನೋಡಿಕೊಂಡನು. ಓಡಿಸುವವರೇ ಪರದೆ ನೋಡುವುದು ಅಪಾಯ. ಮೊದಲು ಗಮನಿಸಿದ್ದು ಇನ್‌ಟೇಕ್ ಮ್ಯಾನಿಫೋಲ್ಡಿನ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ, ಒತ್ತಡವನ್ನು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡವೇ ಸುಮಾರು 92 ಕಿಲೋಪಾಸ್ಕಲ್. ಸಮುದ್ರ ಮಟ್ಟದ 101 ನಮಗೆ ಎಂದಿಗೂ ಸಿಗದು. ಪೂರ್ತಿ ಒತ್ತಿದಾಗ ನಮ್ಮ ಗಾಡಿಯ ಅಂಕಿ 90ರ ಆಸುಪಾಸಿಗೆ ಏರಿತು, ಎಳೆತ ಕುಸಿದ ಗಳಿಗೆಯಲ್ಲೂ ಅಲ್ಲಿಯೇ ನಿಂತಿತ್ತು. ಗಾಳಿಯನ್ನು ಒಳಬಿಡುವ ಥ್ರಾಟಲ್ ತೆರೆದುಕೊಳ್ಳುತ್ತಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿಲ್ಲ ಎಂಬ ಎರಡು ಸಂಗತಿಗಳು ಇದರಿಂದಲೇ ತಿಳಿದವು. ಪೆಡಲ್ ಸೆನ್ಸರಿನ ಮೇಲೆಯೂ ಅನುಮಾನ ಉಳಿಯಲಿಲ್ಲ: ಅದರೊಳಗೆ ಎರಡು ಸರ್ಕ್ಯೂಟುಗಳಿದ್ದು, ಅವು ತಾಳೆಯಾಗದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಸಾಮಾನ್ಯವಾಗಿ ದೀಪ ಹೊತ್ತಿಸಿ, ಪಿ2138ರಂಥ ಕೋಡ್ ದಾಖಲಿಸಿ, ಎಂಜಿನ್ನಿನ ಶಕ್ತಿಯನ್ನೇ ಮಿತಿಗೊಳಿಸುತ್ತದೆ.

ಸುಳಿವು ಸಿಕ್ಕಿದ್ದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗುರುತಿಸುವ ಆಕ್ಸಿಜನ್ ಸೆನ್ಸರಿನಲ್ಲಿ. ಪೂರ್ತಿ ಒತ್ತಿದಾಗ ಕಂಪ್ಯೂಟರ್ ಪೆಟ್ರೋಲನ್ನು ತುಸು ಹೆಚ್ಚಾಗಿಯೇ ಕೊಡುವುದರಿಂದ ಹಳೆಯ ಮಾದರಿಯ ಈ ಸೆನ್ಸರ್ 0.8ರಿಂದ 0.9 ವೋಲ್ಟ್ ತೋರಿಸಬೇಕು. ನಮ್ಮಲ್ಲಿ ಎಳೆತ ಕುಸಿಯುವ ಹೊತ್ತಿಗೆ ಸರಿಯಾಗಿ ಅದು 0.1ಕ್ಕೆ ಇಳಿಯುತ್ತಿತ್ತು, ಅಂದರೆ ಗಾಳಿ ಬರುತ್ತಿದ್ದರೂ ಅದಕ್ಕೆ ತಕ್ಕ ಪೆಟ್ರೋಲ್ ಬರುತ್ತಿರಲಿಲ್ಲ. ಇಲ್ಲೊಂದು ಎಚ್ಚರ ಬೇಕು. ಕಾಯಿಲ್ ಕೆಟ್ಟು, ಕಿಡಿ ತಪ್ಪಿ ಎಂಜಿನ್ ಮಿಸ್ ಹೊಡೆದರೂ ಸುಡದೆ ಉಳಿದ ಆಮ್ಲಜನಕವನ್ನು ಕಂಡು ಸೆನ್ಸರ್ ಇದೇ ಅಂಕಿ ತೋರಿಸಬಹುದು. ಆದರೆ ಮಿಸ್ ಹೊಡೆಯುವಾಗ ಗಾಡಿ ಜರ್ಕ್ ಹೊಡೆಯುತ್ತದೆ, ಎಂಜಿನ್ ನಡುಗುವುದು ಸೀಟಿಗೂ ಗೊತ್ತಾಗುತ್ತದೆ, ಸಾಮಾನ್ಯವಾಗಿ ಪಿ0300 ಸಾಲಿನ ಕೋಡ್ ಉಳಿಯುತ್ತದೆ. ಪೆಟ್ರೋಲ್ ಸಾಲದೆ ಹೋದಾಗಿನ ಕುಸಿತ ಮೆತ್ತಗಿರುತ್ತದೆ, ಹಿಂದಿನಿಂದ ಯಾರೋ ಹಿಡಿದೆಳೆದಂತೆ.

ಇದಾದ ಮೇಲೆಯೇ ಬನ್ನಿಮಂಟಪದ ಬಳಿಯ ಪರಿಚಿತ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ನಮ್ಮ ದಾಖಲೆಯನ್ನು ನೋಡಿದ ಅವರು ಪೆಟ್ರೋಲ್ ಲೈನಿಗೆ ಪ್ರೆಶರ್ ಗೇಜ್ ಜೋಡಿಸಿ, ಅದನ್ನು ಗಾಜಿನ ಹೊರಗೆ ವೈಪರಿನ ಹತ್ತಿರ ಭದ್ರವಾಗಿ ಕಟ್ಟಿದರು. ಪೆಟ್ರೋಲ್ ತುಂಬಿದ ಗೇಜನ್ನು ಕಾರಿನೊಳಗೆ ಎಂದಿಗೂ ತರಬಾರದು. ಈ ಕೆಲಸವನ್ನು ಅನುಭವವಿಲ್ಲದವರು ಮನೆಯಲ್ಲಿ ಮಾಡಲೂಬಾರದು. ನಿಂತಲ್ಲಿ ಪ್ರೆಶರ್ 3.5 ಬಾರ್ ಇತ್ತು, ತಯಾರಕರು ಹೇಳಿದಷ್ಟೇ. ಬಿಸಿಲೇರಿದ ಮೇಲೆ ಬೆಟ್ಟದ ಏರಿನಲ್ಲಿ ಅದು 2ಕ್ಕಿಂತ ಕೆಳಗೆ ಜಾರಿತು. “ನಿಂತಾಗ ನೋಡಿದ್ರೆ ಇದು ಸಿಕ್ಕೋದೇ ಇಲ್ಲ ಸಾರ್” ಎಂದರು.

ಇಷ್ಟಕ್ಕೇ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪನ್ನು ಬದಲಾಯಿಸಿಬಿಡುವವರೇ ಹೆಚ್ಚು. ನಮ್ಮ ಮೆಕ್ಯಾನಿಕ್ ಹಾಗೆ ಮಾಡದೆ, ಹಿಂದಿನ ಸೀಟನ್ನು ಎತ್ತಿ ಪಂಪಿಗೆ ಬರುವ ವೋಲ್ಟೇಜನ್ನು ಗಾಡಿ ಓಡುವಾಗಲೇ ಅಳೆಯುವ ಏರ್ಪಾಡು ಮಾಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದಾಗ ಪಂಪಿನ ಬಳಿ 11ಕ್ಕಿಂತಲೂ ಕಡಿಮೆ ಇತ್ತು. ಅರ್ತ್ ಬದಿಯಲ್ಲಿ, ಅಂದರೆ ವಿದ್ಯುತ್ ಮರಳುವ ದಾರಿಯಲ್ಲಿ, ನಷ್ಟವಿರಲಿಲ್ಲ. ಟ್ಯಾಂಕಿನ ಮೇಲಿನ ಕನೆಕ್ಟರನ್ನು ಬಿಡಿಸಿದಾಗ ಕಂಡದ್ದು ಕಂದುಗಟ್ಟಿದ ಒಂದು ಪಿನ್. ಅದರ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಹಳದಿಯಾಗಿ, ಒಂದು ಅಂಚಿನಲ್ಲಿ ಕರಗಿ, ಹಿಡಿತವನ್ನೇ ಕಳೆದುಕೊಂಡಿತ್ತು. 5 ಆಂಪಿಯರ್ ಹರಿಯುವ ಪಿನ್ನಿನಲ್ಲಿ ಅರ್ಧ ಓಮ್ ಪ್ರತಿರೋಧವಿದ್ದರೂ 2.5 ವೋಲ್ಟ್ ಅಲ್ಲಿಯೇ ನಷ್ಟವಾಗಿ, 12 ವ್ಯಾಟಿಗಿಂತ ಹೆಚ್ಚಿನ ಬಿಸಿ ಆ ಪುಟ್ಟ ಜಾಗದಲ್ಲಿ ಹುಟ್ಟುತ್ತದೆ. ಬಿಸಿಯಿಂದ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ಪ್ರತಿರೋಧ ಇನ್ನಷ್ಟು ಏರುತ್ತದೆ. ಐಡಲಿನಲ್ಲಿ ಎಂಜಿನ್ನಿಗೆ ಬೇಕಾಗುವ ಪೆಟ್ರೋಲ್ ಬಹಳ ಕಡಿಮೆಯಾದ್ದರಿಂದ ಸೊರಗಿದ ಪಂಪೂ ಅಷ್ಟನ್ನು ಒದಗಿಸುತ್ತದೆ. ಏರಿನಲ್ಲಿ ಮಾತ್ರ ಸೋಲುತ್ತದೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ ಆದ್ದರಿಂದ, ಟ್ಯಾಂಕ್ ಖಾಲಿಯಾದಷ್ಟೂ ತೊಂದರೆ ಹೆಚ್ಚುತ್ತಿದ್ದುದಕ್ಕೂ ಅರ್ಥ ಸಿಕ್ಕಿತು.

ಹೊಸ ಕನೆಕ್ಟರಿನ ಜೊತೆಗೆ ವೈರಿನ ಒಂದು ಗೇಣನ್ನೂ ಅವರು ಬದಲಾಯಿಸಿದರು, ಏಕೆಂದರೆ ಬಿಸಿಗೆ ಸಿಕ್ಕ ತಾಮ್ರ ಒಳಗೇ ಕಪ್ಪಾಗಿತ್ತು, ಅದರ ಮೇಲೆ ಹೊಸ ಪಿನ್ ಒತ್ತಿದರೆ ಅದೂ ಬೇಗ ಸುಡುತ್ತದೆ. ಅದೇ ಬೆಟ್ಟದ ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ಅಳೆದಾಗ ಪಂಪಿನ ಬಳಿ 13.5 ವೋಲ್ಟ್ ಸಿಕ್ಕಿತು, ಗೇಜಿನ ಮುಳ್ಳು 3.5 ಬಿಟ್ಟು ಅಲುಗಾಡಲಿಲ್ಲ. ಪಂಪ್ ಹಳೆಯದೇ ಇದೆ, ಇಂದಿಗೂ ಕೆಲಸ ಮಾಡುತ್ತಿದೆ.