ಪಿಕಪ್‌ಗೆ ಕಾರು ಹೊರಡಿಸುವ ಮುನ್ನ ವಿಮಾನದ ಲೆಕ್ಕ

ಹಾಸನದಿಂದ ಮಂಗಳೂರಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 135 ಕಿ.ಮೀ. ಶಿರಾಡಿ ಘಾಟಿ ಇಳಿದು ಹೋದರೆ 170. ವಿಮಾನಕ್ಕೆಲ್ಲಿಯ ಘಾಟಿ ಅನ್ನಬೇಡಿ, ಅದಕ್ಕೂ ಉಂಟು. ನೆಟ್‌ನಲ್ಲಿ ಸಿಗುವ ‘ಏರ್ ಡಿಸ್ಟೆನ್ಸ್’ ಬರೀ ಆ ನೇರ ಗೆರೆಯ ಅಳತೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಈ ಗೆರೆ ಸುಮಾರು 13,990 ಕಿ.ಮೀ. ಕೆಲವು ಸೈಟ್‌ಗಳಲ್ಲಿ 7,550 ಅಂತ ಕಂಡರೆ ಅದು ನಾಟಿಕಲ್ ಮೈಲಿ, ಕಿ.ಮೀ.ಗೆ 1.852ರಿಂದ ಗುಣಿಸಿಕೊಳ್ಳಿ. ಭೂಮಿ ಗುಂಡಗಿರುವುದರಿಂದ ಗೆರೆ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಹೊರಟು, 71 ಡಿಗ್ರಿ ಅಕ್ಷಾಂಶ ಮುಟ್ಟಿ ಕೆಳಗಿಳಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಗ್ಲೋಬಿನ ಮೇಲೆ ದಾರ ಎಳೆದು ನೋಡಿ.

ಆದರೆ ಆ ಗೆರೆಯ ದಾರಿಯಲ್ಲಿ ಟಿಬೆಟ್ ಇದೆ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ವಿಮಾನ ಬೇಗ 10,000 ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಪ್ರಯಾಣಿಕರ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು ಬರುತ್ತದೆ, ಅಷ್ಟೆ. ಹಾಗಾಗಿ ಸುತ್ತು. ಯಾವುದಾದರೂ ದೇಶ ವಾಯುಪ್ರದೇಶ ಮುಚ್ಚಿದರೆ ಇನ್ನೊಂದು ಸುತ್ತು.

ಅಂದಾಜಿಗೆ ದೂರವನ್ನು 900ರಿಂದ ಭಾಗಿಸಿ, ವಿಮಾನ ನೆಲದ ಮೇಲೆ ಓಡಾಡುವುದು, ಏರುವುದು, ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ. ಲಂಡನ್‌ಗೆ 8,045 ಕಿ.ಮೀ., ಅಂದರೆ ಒಂಬತ್ತೂವರೆ ಗಂಟೆಗೆ ಹತ್ತಿರ. ಟಿಕೆಟ್‌ನಲ್ಲಿ ಮಾತ್ರ ಹೋಗುವಾಗ ಹತ್ತೂವರೆ–ಹನ್ನೊಂದು, ಬರುವಾಗ ಹತ್ತರ ಸುತ್ತಮುತ್ತ ಇರುತ್ತದೆ. ಸುತ್ತಿನ ಜೊತೆಗೆ ಗಾಳಿಯೂ ಸೇರಿದೆ: ಒಂಬತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಟಿಕೆಟ್ಟಿನ ಸಮಯ ಗೇಟಿನಿಂದ ಗೇಟಿಗೆ, ಅದರಲ್ಲಿ ಒಂದಿಷ್ಟು ಸಡಿಲವೂ ಇರುತ್ತದೆ. ಮುಕ್ಕಾಲು ಗಂಟೆ ತಡವಾಗಿ ಹೊರಟದ್ದು ಸರಿಯಾದ ಹೊತ್ತಿಗೆ ಇಳಿಯುವುದು ಇದರಿಂದಲೇ.

ಊರಿನವರು ಎಡವುವುದು ಇಲ್ಲೆಲ್ಲ ಅಲ್ಲ, ತಾರೀಖಿನಲ್ಲಿ. ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ, ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದದ್ದು, 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿ ಹೊರಟು 11ರ ಸೋಮವಾರ ನಸುಕಿನಲ್ಲಿ ಇಲ್ಲಿ ಇಳಿಯಿತು. ಭಾನುವಾರ ಹೋದವರಿಗೆ ಯಾರೂ ಸಿಗುತ್ತಿರಲಿಲ್ಲ!

ಲೆಕ್ಕ ಹೀಗೆ ಮಾಡಿ. ಚಳಿಗಾಲದಲ್ಲಿ ಸೋಮವಾರ ರಾತ್ರಿ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊರಡುತ್ತದೆ ಎನ್ನಿ. ಆಗ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ, ಅಷ್ಟು ಕೂಡಿಸಿದರೆ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ 10:30. ಹಾರಾಟ ಹದಿನೇಳೂವರೆ ಗಂಟೆಯಾದರೆ ಇಳಿಯುವುದು ಬುಧವಾರ ಬೆಳಗಿನ ಜಾವ 4ಕ್ಕೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ ಹನ್ನೆರಡೂವರೆ ಕೂಡಿಸಿ. ಟಿಕೆಟ್‌ನಲ್ಲಿ ಸಮಯದ ಪಕ್ಕ ಸಣ್ಣದಾಗಿ +2 ಇದೆಯೇ ನೋಡಿ. ಎರಡು ದಿನ ಮುಂದಿನ ತಾರೀಖು ಎಂದರ್ಥ.

ನಾಲ್ಕಕ್ಕೆ ಇಳಿದವರು ಇಮಿಗ್ರೇಷನ್, ಲಗೇಜ್ ಮುಗಿಸಿ ಹೊರಬರುವಾಗ ಐದು ದಾಟಿರುತ್ತದೆ. ಹಾಸನದಿಂದ ನಾಲ್ಕು ಗಂಟೆ ಹಿಡಿದರೆ ಮಂಗಳವಾರ ರಾತ್ರಿ ಹನ್ನೆರಡೂವರೆಗೆ (ತಾರೀಖಿನಲ್ಲಿ ಆಗಲೇ ಬುಧವಾರ) ಹೊರಟರೆ ಸಾಕು, ಚಿಕ್ಕಮಗಳೂರಿನವರು ಇನ್ನೊಂದು ಗಂಟೆ ಮೊದಲು. ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರು ಹೊಕ್ಕುವ ಗೊಡವೆಯೇ ಇಲ್ಲ. ಹೊರಡುವ ಮುಂಚೆ, ವಿಮಾನ ಎಲ್ಲಿದೆ ಎಂದು ತೋರಿಸುವ ಫ್ಲೈಟ್‌ರೇಡಾರ್24 ಸೈಟ್ ತೆರೆದು, ವಿಮಾನ ನಿಜಕ್ಕೂ ಗಾಳಿಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.