ಆರಿದ್ರೆಯಿಂದ ಮಘೆವರೆಗೆ: ಮಳೆಗಾಲದ ಫೋಟೋ ತಿರುಗಾಟದ ಲೆಕ್ಕ

ಈ ಸಲದ ಯೋಜನೆ ಇಷ್ಟೇ: ಒಂದೊಂದು ಮಳೆ ನಕ್ಷತ್ರಕ್ಕೆ ಒಂದು ಭಾನುವಾರ, ಬೆಳಿಗ್ಗೆ ಶಿವಮೊಗ್ಗ ಬಿಟ್ಟು ರಾತ್ರಿಯೊಳಗೆ ವಾಪಸ್. ಐದು ಜನ, ಒಂದು ಕಾರು, ಮೂರು ಕ್ಯಾಮೆರಾ. ಒಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ ಇರುವುದರಿಂದ ಜಡಿಮಳೆಗೆ ಒಂದು ಭಾನುವಾರ ಹೋದರೂ ಸಾಮಾನ್ಯವಾಗಿ ಇನ್ನೊಂದು ಕೈಯಲ್ಲಿರುತ್ತದೆ.

ಆರಿದ್ರೆ, ಸಕ್ರೆಬೈಲು

‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಅಂತ ರೈತರ ಮಾತು. ಕ್ಯಾಮೆರಾ ಹಿಡಿದವರಿಗೆ ಆರಿದ್ರೆ ಆದರೂ ಸ್ವಲ್ಪ ದರಿದ್ರವೇ. ಮೊದಲ ಸುತ್ತು ಸಾಮಾನು ಪರೀಕ್ಷೆಗೆ ಅಂತಲೇ ಹತ್ತಿರದ ಆನೆ ಬಿಡಾರ. ಬೆಳಿಗ್ಗೆ ತುಂಗೆಯಲ್ಲಿ ಆನೆ ಮೈ ತೊಳೆಯುವ ಹೊತ್ತಿಗೆ ಅಲ್ಲಿರಬೇಕು. ಒದ್ದೆ ಆನೆ ಹೆಚ್ಚುಕಡಿಮೆ ಕಪ್ಪು. ಕ್ಯಾಮೆರಾದ ಮೀಟರ್ ‘ಕತ್ತಲೆ’ ಅಂದುಕೊಂಡು ಬೆಳಕು ಏರಿಸುತ್ತದೆ, ಚರ್ಮದ ಸುಕ್ಕೆಲ್ಲ ಬೂದಿ ಬಣ್ಣವಾಗುತ್ತದೆ. ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಮೈನಸ್ 0.7ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಕೆಟ್ಟಿದ್ದು: ಕಾರಿನ ಎಸಿಯಲ್ಲಿ ತಣ್ಣಗಾದ ಲೆನ್ಸ್ ಹೊರಗೆ ತೆಗೆದ ಕೂಡಲೇ ಮಂಜು ಹಿಡಿಯಿತು. ಗಾಜು ಹೊರಗಿನ ಗಾಳಿಯಷ್ಟು ಬೆಚ್ಚಗಾಗುವವರೆಗೆ ಒರೆಸಿದಷ್ಟೂ ಮತ್ತೆ ಹಿಡಿಯುತ್ತದೆ. ತಲುಪುವ 20 ನಿಮಿಷ ಮುಂಚೆ ಎಸಿ ಬಂದ್, ಕಿಟಕಿ ಇಳಿಸುವುದು. ಹದಿನೈದು ಕಿಲೋಮೀಟರೂ ಇಲ್ಲದ ಸಕ್ರೆಬೈಲಿಗೆ ಎಸಿಯೇ ಬೇಡ.

ಪುನರ್ವಸು, ಮಂಡಗದ್ದೆ

ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ದಡದಿಂದಲೇ ತೆಗೆಯಬೇಕಾದ್ದರಿಂದ 400 ಎಂಎಂಗಿಂತ ಚಿಕ್ಕ ಲೆನ್ಸ್ ಒಯ್ದರೆ ಬರೀ ಮರ ಬರುತ್ತದೆ.

ಮೋಡ ಕವಿದ ದಿನದ ಲೆಕ್ಕ: ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/6.3, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 1600, ಶಟರ್ 1/1600 ಸೆಕೆಂಡ್. ಹಾರುವ ಹಕ್ಕಿಗೆ ಶಟರ್ ವೇಗ ಇದಕ್ಕಿಂತ ಇಳಿಸಿದರೆ ರೆಕ್ಕೆಯ ತುದಿ ಅಲುಗುತ್ತದೆ. ಮೋಡ ಇನ್ನೂ ದಟ್ಟವಾದರೆ ಐಎಸ್‌ಒ 3200ಕ್ಕೆ ಏರಿಸಿ, ಶಟರ್ ಮುಟ್ಟಬೇಡಿ. ಕಡುಹಸಿರಿನ ಎದುರು ಬಿಳಿ ಹಕ್ಕಿ, ಇಲ್ಲೂ ಮೀಟರ್ ಮೋಸ ಹೋಗುತ್ತದೆ: ಮೈನಸ್ 1 ಹಾಕದಿದ್ದರೆ ಬೆನ್ನಿನ ಗರಿಗಳೆಲ್ಲ ಕರಗಿ ಬಿಳಿ ಚುಕ್ಕೆ. ಹೊಳೆ ಕೆಂಪಾಗಿ ಹರಿಯುತ್ತಿದ್ದರೆ ಆ ಬಣ್ಣ ರೆಕ್ಕೆಯಡಿಗೂ ಬೀಳುತ್ತದೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ತಿದ್ದಿ ಅದನ್ನು ತೆಗೆಯಬೇಕು ಅಂತ ಇಬ್ಬರು, ಬಿಡಬೇಕು ಅಂತ ಮೂವರು. ಬಿಟ್ಟೆವು.

ಪುಷ್ಯ, ಜೋಗ

ಈ ಸುತ್ತಿಗೆ ಇಡೀ ದಿನ ಬೇಕು. ಶರಾವತಿ 253 ಮೀಟರ್ ಆಳಕ್ಕೆ ಬೀಳುವ ಜಾಗದಲ್ಲಿ ನೀರಿಗಿಂತ ಮಂಜಿನದೇ ದರ್ಬಾರು. ಹತ್ತು ನಿಮಿಷ ಏನೂ ಕಾಣದೆ, ಗಾಳಿ ತಿರುಗಿದಾಗ ಒಂದೆರಡು ನಿಮಿಷ ಮಾತ್ರ ಪರದೆ ಸರಿದಂತಾಗುತ್ತದೆ. ಅಷ್ಟರಲ್ಲಿ ಫೋಕಸ್ ಹುಡುಕುತ್ತಾ ಕೂತರೆ ಕೆಲಸ ಕೆಟ್ಟಿತು. ಮಂಜಿನಲ್ಲಿ ಆಟೋಫೋಕಸ್ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಮೊದಲ ಸಲ ಕಂಡಾಗಲೇ ರಾಜಾ ಧಾರೆಯ ಪಕ್ಕದ ಬಂಡೆಗೆ ಫೋಕಸ್ ಹಿಡಿದು ಮ್ಯಾನುಯಲ್‌ಗೆ ತಿರುಗಿಸಿ, ರಿಂಗಿಗೆ ಟೇಪ್ ಅಂಟಿಸಿಬಿಡಿ.

ಫಿಲ್ಟರ್ ಇಲ್ಲದೆ ಎಫ್/11, ಐಎಸ್‌ಒ 100ಕ್ಕೆ ಶಟರ್ 1/30 ಬಂತು. 3 ಸ್ಟಾಪಿನ ಎನ್‌ಡಿ (ಬೆಳಕು ತಗ್ಗಿಸುವ ಫಿಲ್ಟರ್, ಒಂದೊಂದು ಸ್ಟಾಪಿಗೆ ಬೆಳಕು ಅರ್ಧ) ಹಾಕಿದರೆ 1/4 ಸೆಕೆಂಡ್. ನೀರು ಎಳೆ ಎಳೆಯಾಗಿ ಕಾಣುತ್ತದೆ, ತೂಕವೂ ಉಳಿಯುತ್ತದೆ. 6 ಸ್ಟಾಪಿನದಕ್ಕೆ 2 ಸೆಕೆಂಡ್, ಆಗ ರಾಜಾ ಒಣಗಲು ಹಾಕಿದ ಪಂಚೆ. ಅಂತರ್ಜಾಲದಲ್ಲಿ ಜೋಗದ ಅರ್ಧ ಚಿತ್ರ ಇಂಥವೇ. ರಾಕೆಟ್ ಧಾರೆ ಚಿಮ್ಮುವುದನ್ನು ತೋರಿಸಲು ಎನ್‌ಡಿ ತೆಗೆದು, ಐಎಸ್‌ಒ ಏರಿಸಿ 1/500ಕ್ಕೆ ಹೋಗಬೇಕು. ಮೇಲಿನ ಲಿಂಗನಮಕ್ಕಿ ಅಣೆಕಟ್ಟು 1819 ಅಡಿ ಮುಟ್ಟಿ ಗೇಟು ತೆಗೆದ ದಿನ ಮಾತ್ರ ಈ ಲೆಕ್ಕವೆಲ್ಲ ಬದಲು: ನಾಲ್ಕೂ ಧಾರೆ ಕೂಡಿಕೊಳ್ಳುತ್ತವೆ, ಮಂಜು ಇನ್ನೂ ಹೆಚ್ಚುತ್ತದೆ, ಎನ್‌ಡಿ ಬೇಕಾಗುವುದೇ ಇಲ್ಲ.

ಲೆನ್ಸ್ ಮೇಲೆ ಹನಿ ಬಿದ್ದರೆ ಬೆರಳು, ಅಂಗಿ ಎರಡೂ ನಿಷಿದ್ಧ. ಬ್ಲೋಯರ್‌ನಿಂದ ಊದಿ, ಉಳಿದದ್ದನ್ನು ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಒಬ್ಬರಿಗೆ ನಾಲ್ಕು ಬಟ್ಟೆ ಬೇಕು, ಎರಡು ಸಾಕು ಅನ್ನುವುದು ಬಯಲುಸೀಮೆ ಲೆಕ್ಕ. ಟ್ರೈಪಾಡ್ ಕಾಲಿನ ಲಾಕಿನೊಳಗೆ ಕೆಮ್ಮಣ್ಣು ಸೇರಿ ‘ಕರಕರ’ ಅಂದಿತು. ಮನೆಗೆ ಬಂದ ದಿನವೇ ಕಾಲು ಬಿಚ್ಚಿ ತೊಳೆದು, ಪೂರ್ತಿ ಉದ್ದಕ್ಕೆ ಎಳೆದು ಒಣಗಿಸಬೇಕು. ಮಡಚಿಟ್ಟರೆ ಒಳಗಿನ ನೀರು ಅಲ್ಲೇ ನಿಲ್ಲುತ್ತದೆ.

ಆಶ್ಲೇಷ, ಅಡಿಕೆ ತೋಟ

ಮಳೆ ಹೊಳವಾದ ದಿನ ತೀರ್ಥಹಳ್ಳಿ ಕಡೆ ಕೊಳೆ ರೋಗಕ್ಕೆ ಎರಡನೇ ಔಷಧಿ ಹೊಡೆಯುತ್ತಿದ್ದರು. ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮರದ ಬುಡದಲ್ಲಿ ನಿಂತು ಮೇಲಕ್ಕೆ ಗುರಿ ಇಟ್ಟರೆ ತುಂತುರು ನೇರ ಲೆನ್ಸಿಗೇ ಇಳಿಯುತ್ತದೆ. ಒಣಗಿದ ಮೇಲೆ ನಸುನೀಲಿ ಪುಡಿ. ಒಣ ಬಟ್ಟೆ ಹಾಕಿದರೆ ಸುಣ್ಣದ ಕಣ ಗಾಜು ಗೀಚುತ್ತದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣದು. ಇಂಥಲ್ಲಿ ಯುವಿ ಫಿಲ್ಟರ್ ಹಾಕಿಯೇ ಇರಲಿ. ಗಾಳಿಗೆ ಬೆನ್ನು ಕೊಟ್ಟು, ಎರಡು ಮರ ಆಚೆ ನಿಂತು 200 ಎಂಎಂನಲ್ಲಿ ತೆಗೆದ ಚಿತ್ರವೇ ಚೆನ್ನಾಗಿ ಬಂತು: ತುಂತುರಿನ ಹಿಂದೆ ಬೆಳಕಿತ್ತು.

ಉಂಬಳಕ್ಕೆ (ಜಿಗಣೆ) ಉಪ್ಪು ನಂಬಬೇಡಿ, ಮಳೆಗೆ ತೊಳೆದುಹೋಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಹೊಗೆಸೊಪ್ಪು ನೆನೆಸಿ ಕಾಲುಚೀಲದ ಮೇಲೆ ಬಳಿದರೆ ಎರಡು ತಾಸು ಬರುತ್ತದೆ. ಡೀಟ್ (ಕೀಟ ಓಡಿಸುವ ರಾಸಾಯನಿಕ) ಇರುವ ಕ್ರೀಮ್ ಬಳಿದ ಕೈಯಲ್ಲಿ ಕ್ಯಾಮೆರಾ ಹಿಡಿಯಬಾರದು, ಗ್ರಿಪ್ಪಿನ ರಬ್ಬರ್, ಪ್ಲಾಸ್ಟಿಕ್ ಅಂಟಂಟಾಗುತ್ತದೆ. ಆ ಕೈಯಲ್ಲಿ ಕಪ್ಪೆಯನ್ನಂತೂ ಮುಟ್ಟಲೇಬಾರದು.

ಮಘೆ, ಮನೆಯಲ್ಲೇ

ತಿರುಗಾಟ ಇಲ್ಲ, ತಪಾಸಣೆ. ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಬೂಷ್ಟು ಜೇಡನ ಎಳೆಯಂತೆ ಕಾಣುತ್ತದೆ. ಒಂದು 50 ಎಂಎಂನಲ್ಲಿ ಅಂಚಿನಲ್ಲಿ ಸಿಕ್ಕಿತು. ಅದನ್ನು ಇಟ್ಟಿದ್ದು ಚರ್ಮದ ಕೇಸಿನಲ್ಲಿ, ಚರ್ಮ ತೇವವನ್ನೂ ಹಿಡಿಯುತ್ತದೆ, ಬೂಷ್ಟಿಗೆ ಊಟವನ್ನೂ ಹಾಕುತ್ತದೆ. ಕ್ಯಾಮೆರಾ ಬ್ಯಾಗೂ ಹಾಗೇ. ಮಲೆನಾಡಿನಲ್ಲಿ ಬ್ಯಾಗ್ ಹೊರಲಿಕ್ಕೆ ಮಾತ್ರ, ಇಡಲಿಕ್ಕಲ್ಲ. ಬೇಗ ಒಣಗಲಿ ಅಂತ ಬಚ್ಚಲೊಲೆ ಮೇಲೆ ನೇತುಹಾಕಿದರೆ ಮಸಿ ಒಳಗೆ ಹೋಗುತ್ತದೆ.

ಇಡುವುದಕ್ಕೆ ರಬ್ಬರ್ ಅಂಚಿನ ಮುಚ್ಚಳದ 20 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಬಟ್ಟೆ ಚೀಲದಲ್ಲಿ 500 ಗ್ರಾಂ ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50ರೊಳಗೆ ಇರಬೇಕು. 60 ದಾಟಿದರೆ ಬೂಷ್ಟಿನ ಭಯ, 30ಕ್ಕೆ ಇಳಿದರೆ ರಬ್ಬರ್ ಬಿರಿಯುತ್ತದೆ. ಜೆಲ್ ಬಣ್ಣ ತಿರುಗಿದ ಕೂಡಲೇ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ತಾಸು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಪಾತ್ರೆಗೆ ತಾಗಿಸಬೇಡಿ. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಜೆಲ್ ಬದಲು ಅಕ್ಕಿ ಹಾಕುವುದು ಬೇಡ, ಅದರ ಹಿಟ್ಟಿನ ಧೂಳು ಒಳಗೆ ಸೇರುತ್ತದೆ.

ಬೇಕಿದ್ದ 24 ಚಿತ್ರಗಳಲ್ಲಿ 13 ಆಗಿವೆ. ಹುಬ್ಬೆಗೆ ಸೊರಬದ ಗುಡವಿ ಪಕ್ಷಿಧಾಮ, ಉತ್ತರೆಗೆ ಇಕ್ಕೇರಿ ದೇವಸ್ಥಾನದ ಒದ್ದೆ ಕಲ್ಲು. ಅದಕ್ಕೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಬೇಕು, ಇರುವ ಒಂದರ ರಿಂಗ್ ಜೋಗದ ದಿನದಿಂದ ತಿರುಗುತ್ತಿಲ್ಲ.