ಬೋರ್ಡ್ ಗೇಮ್ ಆರ್ಡರಿಗೆ ತಾರೀಖು ಕೊಡುವ ಮುನ್ನ

"ಮುನ್ನೂರು ಬಾಕ್ಸ್ ಬೇಕು, ಎಷ್ಟು ದಿನ ಆಗುತ್ತೆ?" ಅಂತ ಗಿರಾಕಿ ಫೋನಿನಲ್ಲಿ ಕೇಳಿದ ಕೂಡಲೇ ಬಾಯಿಗೆ ಬರುವ ಉತ್ತರ, "ಹದಿನೈದು ದಿನ ಸಾರ್." ಇದು ಬರೀ ಕೆಲಸದ ದಿನಗಳ ಲೆಕ್ಕ. ಮುನ್ನೂರು ಬಾಕ್ಸಿನ ಹಾಳೆಗಳು ಆಫ್‌ಸೆಟ್ ಮೆಷಿನ್ನಿನಲ್ಲಿ ಒಂದೆರಡು ದಿನದಲ್ಲಿ ಇಳಿದುಬಿಡುತ್ತವೆ. ದಿನ ತಿನ್ನುವುದು ಕಾಯುವಿಕೆ: ಒಪ್ಪಿಗೆಗೆ, ಇಂಕ್ ಒಣಗುವುದಕ್ಕೆ, ಅಂಟು ಹಿಡಿಯುವುದಕ್ಕೆ, ಚನ್ನಪಟ್ಟಣದಿಂದ ಬರಬೇಕಾದ ಒಂದೇ ಒಂದು ಬಣ್ಣದ ಕಾಯಿಗೆ. ಬೆಂಗಳೂರಿನಲ್ಲಿ ಪ್ರಿಂಟ್ ಮಾಡಿಸಿ, ಚನ್ನಪಟ್ಟಣದಲ್ಲಿ ಕಾಯಿ ಮಾಡಿಸುವ 100ರಿಂದ 1,000 ಬಾಕ್ಸಿನ ಆರ್ಡರುಗಳನ್ನು ಇಟ್ಟುಕೊಂಡು ಈ ಮಾತು.

ದಿನ ಎಣಿಸಲು ಶುರು ಮಾಡಬೇಕಾದ್ದು ಅಡ್ವಾನ್ಸ್ ಬಂದ ದಿನದಿಂದಲ್ಲ, ಕೊನೆಯ ಫೈಲಿಗೆ ಸಹಿ ಬಿದ್ದ ದಿನದಿಂದ. ಕೊಟೇಶನ್ನಿನಲ್ಲೇ ಹಾಗೆ ಬರೆದಿರಲಿ. ಸಹಿ ಮಾಡುವವರು ಒಬ್ಬರೇ ಇರಲಿ. ಕಂಪನಿ ಆರ್ಡರುಗಳಲ್ಲಿ ಎಚ್‌ಆರ್‌ನವರು ಒಪ್ಪಿದ್ದನ್ನು ಬ್ರ್ಯಾಂಡ್ ಟೀಮಿನವರು ಮೂರು ದಿನ ಬಿಟ್ಟು ಬದಲಿಸುವುದು ಮಾಮೂಲು. ತಿದ್ದುಪಡಿಗೆ ಎರಡು ಸುತ್ತು. ಮೂರನೆಯದಾದರೆ ಹೊಸ ತಾರೀಖು. ಇಷ್ಟು ಕಟ್ಟುನಿಟ್ಟಾಗಿದ್ದರೂ ಪ್ಲೇಟ್ (ಒಂದೊಂದು ಬಣ್ಣಕ್ಕೆ ಒಂದರಂತೆ ಮಾಡುವ ಅಚ್ಚಿನ ತಗಡು) ಆದ ಮೇಲೆ ಯಾರಿಗಾದರೂ ಒಂದು ತಪ್ಪು ಕಾಣುತ್ತದೆ. ಅದಕ್ಕೇ ಅಕ್ಷರಗಳೆಲ್ಲ ಅಪ್ಪಟ ಕಪ್ಪಿನಲ್ಲಿ, ಕಪ್ಪು ಪ್ಲೇಟಿನಲ್ಲಿ ಮಾತ್ರ ಇರುವಂತೆ ಡಿಸೈನರಿಗೆ ಹೇಳಬೇಕು. ಆಗ ತಿದ್ದುಪಡಿ ಬಂದರೆ ನಾಲ್ಕು ಪ್ಲೇಟಿನ ಬದಲು ಒಂದೇ ಪ್ಲೇಟ್ ಬದಲಿಸಿದರೆ ಸಾಕು. ಒಂದೇ ಆಟವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತರುವವರಿಗೂ ಇದೇ ಉಪಾಯ ಒದಗುತ್ತದೆ.

ಕನ್ನಡದ ನಿಯಮ ಪುಸ್ತಿಕೆಗೆ ಇನ್ನೊಂದು ಎಚ್ಚರ. ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಕೂಡಿಸಿದ ಫೈಲು, ಆ ಫಾಂಟ್ ಇಲ್ಲದ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರ ಗಜಿಬಿಜಿ. ಯೂನಿಕೋಡ್ ಆದರೂ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆಯುತ್ತದೆ. ಕೊನೆಯ ಪ್ರೂಫ್ ನೋಡಿದ ಮೇಲೆ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿಯೇ ಕಳಿಸಬೇಕು. ಕಳಿಸಿದ ಫೈಲನ್ನೇ ಇನ್ನೊಮ್ಮೆ ತೆರೆದು ಓದಬೇಕು.

ಸಹಿಗೆ ಮುಂಚೆ ಖಾಲಿ ಡಮ್ಮಿ ಮಾಡಿ. ಪ್ರಿಂಟ್ ಬೇಡ, ನಿಜವಾಗಿ ಬಳಸುವ ಬೋರ್ಡು, ನಿಜವಾದ ದಪ್ಪದ ಕಾರ್ಡು, ಕಾಯಿ, ದಾಳ ಎಲ್ಲ ತುಂಬಿ ಮುಚ್ಚಳ ಹಾಕಿ ನೋಡಬೇಕು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡಿನ 54 ಎಲೆಯ ಕಟ್ಟು ಲ್ಯಾಮಿನೇಶನ್ ಸೇರಿ ಸುಮಾರು 18ರಿಂದ 20 ಮಿಲಿಮೀಟರ್ ಎತ್ತರ ಆಗುತ್ತದೆ. ಪರದೆಯ ಮೇಲೆ 15 ಅಂತ ಅಂದಾಜು ಮಾಡಿ ಬಾಕ್ಸಿಗೆ ಡೈ (ಕತ್ತರಿಸುವ ಅಚ್ಚು) ಮಾಡಿಸಿದರೆ ಆ ಡೈ ಮೂಲೆಗೆ, ತಾರೀಖು ಮುಂದಕ್ಕೆ.

ಮೊದಲು ಶುರುವಾಗಬೇಕಾದ್ದು ಮರದ ಕೆಲಸ. ನಾಲ್ಕು ಬಣ್ಣ, ಬಣ್ಣಕ್ಕೆ ನಾಲ್ಕು ಕಾಯಿ ಅಂದರೆ 300 ಬಾಕ್ಸಿಗೆ 4,800. ಬಣ್ಣಕ್ಕೆ 50ರಂತೆ ಹೆಚ್ಚುವರಿ ಸೇರಿ 5,000. ಒಂದು ಲೇತಿನಲ್ಲಿ ದಿನಕ್ಕೆ 300 ಇಳಿಯುತ್ತದೆ ಅಂತ ಹಿಡಿದರೂ 17 ದಿನ. ಅದೂ ಒಣಗಿದ ಆಲೆ ಮರ ಕೈಯಲ್ಲಿದ್ದರೆ. ಹಸಿ ಮರ ಒಣಗಲು ತಿಂಗಳುಗಳೇ ಬೇಕು. ಅವಸರಕ್ಕೆ ಅರೆ ಒಣಗಿದ್ದರಲ್ಲಿ ಕಡೆದರೆ ಕಾಯಿ ಆಮೇಲೆ ಸೀಳುತ್ತದೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ದಿನ" ಅಲ್ಲ, "ಒಣ ಮರ ಎಷ್ಟಿದೆ" ಅನ್ನುವುದು. ಆಕಾರದಲ್ಲೂ ಜಾಣತನ ಬೇಕು. ಲೇತಿನಲ್ಲಿ ಉರುಟಾದದ್ದು ಸಲೀಸಾಗಿ ಬರುತ್ತದೆ. ಚಪ್ಪಟೆ ಗೊಂಬೆಯಾಕಾರ ಬೇಕೆಂದರೆ ಗರಗಸಕ್ಕೋ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ನಿಗೋ ಹೋಗಬೇಕು. ಅದಕ್ಕೆ ಬೇರೆ ಜಾಗ, ಬೇರೆ ಸರದಿ. ಅರಗಿನ ಬಣ್ಣ ತಿರುಗುವ ಮರದ ಮೇಲೆ ಉಜ್ಜಿದ ಬಿಸಿಗೆ ಕರಗಿ ಹತ್ತುವುದರಿಂದ, ಒಂದು ಸಲ ಮಾಡಿದ ಅರಗಿನ ಕಡ್ಡಿಯ ಕೆಂಪು ಮುಂದಿನ ಸಲದ ಕೆಂಪಿಗೆ ಪೂರ್ತಿ ಹೊಂದುವುದಿಲ್ಲ. ಒಂದು ಬಣ್ಣದ ಕಾಯಿಗಳನ್ನೆಲ್ಲ ಒಂದೇ ಸಲ ಮಾಡಿಸಿ, ಹೆಚ್ಚುವರಿಯನ್ನೂ ಆಗಲೇ. ಕಾಯಿಯ ಬಣ್ಣಕ್ಕೂ ಹಾಸಿನ (ಆಟದ ಬೋರ್ಡಿನ) ಚಿತ್ರದ ಒಪ್ಪಿಗೆಗೂ ಸಂಬಂಧವಿಲ್ಲ. ಅಡ್ವಾನ್ಸಿನ ದಿನವೇ ಬಣ್ಣ, ಆಕಾರ ನಿಗದಿ ಮಾಡಿ ಚನ್ನಪಟ್ಟಣಕ್ಕೆ ಹೇಳಿಬಿಟ್ಟರೆ, ಫೈಲಿಗೆ ಸಹಿ ಬೀಳುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ. 16 ಮಿಮೀ ಪ್ಲಾಸ್ಟಿಕ್ ದಾಳ ಹೆಚ್ಚಾಗಿ ಚೀನಾದ ಮಾಲು. ಅವರ ಹೊಸ ವರ್ಷದ ಹೊತ್ತಿಗೆ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿರುತ್ತವೆ. ದಾಳವನ್ನು ಆರ್ಡರಿಗೆಂದು ತರಿಸದೆ ಸ್ಟಾಕಿನಲ್ಲೇ ಇಟ್ಟುಕೊಳ್ಳಬೇಕು.

ಪ್ರಿಂಟಿನಲ್ಲಿ ಬೆವರಿಳಿಸುವುದು ತೇವ. ಆಫ್‌ಸೆಟ್ ಇಂಕ್ ಗಾಳಿಯಲ್ಲಿನ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ. ದಟ್ಟ ಕಪ್ಪು, ಕಡುನೀಲಿ ಜಾಗಗಳು ಮಳೆಗಾಲದಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ. ಒಣಗದ ಹಾಳೆಗೆ ಲ್ಯಾಮಿನೇಶನ್ ಎಳೆದರೆ ಫಿಲ್ಮ್ ಗುಳ್ಳೆಯೇಳುತ್ತದೆ, ಕ್ರೀಸಿನ (ಮಡಿಕೆ ಗೆರೆಯ) ಹತ್ತಿರ ಕಿತ್ತು ಬರುತ್ತದೆ. ನಾಲ್ಕು ಬಣ್ಣಗಳ ಒಟ್ಟು ಇಂಕ್ (ಬಣ್ಣಕ್ಕೆ ನೂರರಂತೆ ಹೆಚ್ಚೆಂದರೆ 400) 300 ಪರ್ಸೆಂಟಿನ ಒಳಗಿರಲಿ ಎಂದು ಡಿಸೈನರಿಗೆ ಮೊದಲೇ ಹೇಳಿ. ಒಣಗುವ ಅವಧಿಗೆ ಬೇಸಿಗೆಯಲ್ಲಿ ಒಂದು ದಿನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನ ಅಂತ ಲೆಕ್ಕಕ್ಕೆ ಸೇರಿಸಿ.

ಹಾಸು ಬಾಗುವುದೂ ತೇವದ್ದೇ ಕಥೆ. 2 ಮಿಮೀ ಕಪ್ಪಾ ಬೋರ್ಡಿನ (ಗಟ್ಟಿ ರಟ್ಟಿನ) ಮೇಲೆ ಕಾಗದ ಅಂಟಿಸಿದಾಗ ಅಂಟಿನ ನೀರಿಗೆ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ ಬೋರ್ಡನ್ನು ತನ್ನ ಕಡೆಗೆ ಎಳೆಯುತ್ತದೆ. ಹಿಂದೆಯೂ ಅದೇ ದಪ್ಪದ ಕಾಗದ ಅಂಟಿಸಬೇಕು, ಎರಡರ ನಾರೂ ಬೋರ್ಡಿನ ನಾರೂ ಒಂದೇ ದಿಕ್ಕಿಗಿರಬೇಕು, 24 ಗಂಟೆ ಭಾರದಡಿ ಇಡಬೇಕು. ಈ 24 ಗಂಟೆಯನ್ನು ಉಳಿಸಲು ಹೋದವರ ಬಾಕ್ಸುಗಳು ಶ್ರಿಂಕ್ ರ‍್ಯಾಪಿನೊಳಗೆ ತೇವ ಕೂಡಿಟ್ಟುಕೊಂಡು ಬೂಸಲು ಹಿಡಿಯುತ್ತವೆ.

ಕಾರ್ಡಿನ ಲೆಕ್ಕ ಮಾತ್ರ ಅಂದವಾಗಿದೆ. 63×88 ಮಿಮೀ ಕಾರ್ಡಿಗೆ 3 ಮಿಮೀ ಸಂದು ಬಿಟ್ಟರೆ 20×30 ಇಂಚಿನ ಹಾಳೆಯಲ್ಲಿ ಅಡ್ಡಕ್ಕೆ ಏಳು, ಉದ್ದಕ್ಕೆ ಎಂಟು, ಒಟ್ಟು 56 ಕೂರುತ್ತವೆ. 54ರ ಕಟ್ಟು ಒಂದೇ ಹಾಳೆಯಲ್ಲಿ ಮುಗಿದು, ಎರಡು ಖಾಲಿ ಕಾರ್ಡು ಬೋನಸ್ಸು. 60 ಕಾರ್ಡು ಬೇಕು ಅನ್ನುವ ಗಿರಾಕಿಗೆ ನಾಲ್ಕು ಕಾರ್ಡಿಗಾಗಿ ಇನ್ನೊಂದು ಸೆಟ್ ಪ್ಲೇಟ್ ಬೇಕಾಗುತ್ತದೆ ಅಂತ ಹೇಳಿದರೆ ಸಾಮಾನ್ಯವಾಗಿ 56ಕ್ಕೆ ಒಪ್ಪುತ್ತಾರೆ. ಹಾಳೆ 300 ಸಾಲದು. ಬಣ್ಣ ಹೊಂದಿಸಲಿಕ್ಕೇ ನೂರಿನ್ನೂರು ಹಾಳೆ ಹೋಗುತ್ತವೆ, ಆಮೇಲೆ ಲ್ಯಾಮಿನೇಶನ್, ಪಂಚಿಂಗ್‌ನಲ್ಲಿ (ಡೈ ಒತ್ತಿ ಕತ್ತರಿಸುವಾಗ) ಒಂದಿಷ್ಟು. ಹತ್ತು ಹಾಳೆ ಕಮ್ಮಿ ಬಿದ್ದರೆ ಹತ್ತಕ್ಕಾಗಿ ಮೆಷಿನ್ ಮತ್ತೆ ಏರಿಸಬೇಕು.

ಕಟ್ಟಿನಲ್ಲಿ ಕಾರ್ಡು ಸರಿಯಾಗಿವೆಯೇ ಎಂದು ತೂಕ ಹಾಕುವವರಿದ್ದಾರೆ. ಒಂದು ಕಾರ್ಡು ಸುಮಾರು 1.7 ಗ್ರಾಂ; ಬೇರೆ ಲಾಟಿನ ಕಾಗದ ಎರಡು ಪರ್ಸೆಂಟ್ ಹೆಚ್ಚುಕಮ್ಮಿಯಾದರೂ 54ರ ಕಟ್ಟಿನಲ್ಲಿ ಒಂದು ಕಾರ್ಡಿನಷ್ಟೇ ವ್ಯತ್ಯಾಸ ಬಂದುಬಿಡುತ್ತದೆ. ಅದೇ ಲಾಟಿನ, ಕೈಯಲ್ಲಿ ಎಣಿಸಿದ ಕಟ್ಟನ್ನು ಮಾದರಿಯಾಗಿಟ್ಟು ತೂಗಿ. ಒಂದು ಕಾರ್ಡಿನ ಬದಲು ಇನ್ನೊಂದು ಎರಡು ಸಲ ಬಂದಿದ್ದರೆ ಅದನ್ನೂ ತಕ್ಕಡಿ ಹಿಡಿಯದು. ಮರದ ಕಾಯಿಗಂತೂ ತೂಕ ಕೆಲಸಕ್ಕೆ ಬಾರದು. ಅಳಗುಳಿಮಣೆಯಂತೆ 16 ಗುಳಿ ಕೊರೆದ ಹಲಗೆ ಇಟ್ಟರೆ ಖಾಲಿ ಗುಳಿ ಕಣ್ಣಿಗೆ ಹೊಡೆಯುತ್ತದೆ.

ಇಷ್ಟಾದರೂ ತಾರೀಖು ಎಷ್ಟು ಅಂತ ಹೇಳುವುದು? ಕೈಯಲ್ಲಿರುವ ಆರ್ಡರುಗಳನ್ನು ವಾರಕ್ಕೆ ಹೊರಹೋಗುವ ಆರ್ಡರುಗಳಿಂದ ಭಾಗಿಸಿ. 12 ಇದ್ದು ವಾರಕ್ಕೆ 3 ಹೋಗುತ್ತಿದ್ದರೆ ಸರಾಸರಿ ನಾಲ್ಕು ವಾರ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಸೂತ್ರ ಇದು. 18 ಆರ್ಡರ್ ಹಿಡಿದುಕೊಂಡು ನಾಲ್ಕು ವಾರ ಅಂದರೆ ಆರು ವಾರ ಆಗುತ್ತದೆ, ರಾತ್ರಿ ಪಾಳಿ ಹಾಕಿ ವಾರದ ಲೆಕ್ಕವನ್ನೇ ಏರಿಸದ ಹೊರತು. ಆದ್ದರಿಂದ ನೆಲದ ಮೇಲೆ ಎಷ್ಟು ಆರ್ಡರ್ ಇರಬಹುದು ಅನ್ನುವುದಕ್ಕೆ ಮಿತಿ ಹಾಕಿ, ಉಳಿದವಕ್ಕೆ ಶುರುವಾಗುವ ವಾರವನ್ನೇ ಹೇಳಿಬಿಡುವುದು ಒಳ್ಳೆಯದು. ಸರಾಸರಿಯನ್ನು ಗಿರಾಕಿಗೆ ಹೇಳಬೇಡಿ. ಹಿಂದಿನ 20 ಆರ್ಡರುಗಳು ಸಹಿಯಿಂದ ಡಿಸ್ಪ್ಯಾಚ್‌ವರೆಗೆ ತೆಗೆದುಕೊಂಡ ದಿನಗಳನ್ನು ಏರಿಕೆಯಲ್ಲಿ ಬರೆದು 17ನೆಯದನ್ನು ಹೇಳಿ (20ರಲ್ಲಿ 17 ಅಷ್ಟರೊಳಗೆ ಮುಗಿದಿರುತ್ತವೆ). ಹೆಚ್ಚುವರಿ ದಿನಗಳನ್ನು ಹಂತಹಂತಕ್ಕೆ ಹಂಚಬಾರದು. ಪಂಚಿಂಗ್‌ನವರಿಗೆ ಎರಡು ದಿನ ಜಾಸ್ತಿ ಕೊಟ್ಟರೆ ಎರಡು ದಿನ ತಡವಾಗಿ ಕೈ ಹಚ್ಚುತ್ತಾರೆ. ಆ ದಿನಗಳೆಲ್ಲ ಕೊನೆಯಲ್ಲಿ, ಒಟ್ಟಿಗೆ ಇರಲಿ. ಅಕ್ಟೋಬರ್‌ನಿಂದ ಜನವರಿವರೆಗೆ ಪ್ರೆಸ್ಸುಗಳಲ್ಲಿ ಕ್ಯಾಲೆಂಡರ್, ಡೈರಿಯದ್ದೇ ರಾಜ್ಯ. ಆಗಿನ ಲೆಕ್ಕ ಬೇರೆಯೇ ಇಟ್ಟುಕೊಳ್ಳಬೇಕು.

14 ವರ್ಷದೊಳಗಿನ ಮಕ್ಕಳಿಗೆಂದು ಮಾರುವ ಆಟವಾದರೆ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆ ವಿಚಾರವನ್ನು ಕೊಟೇಶನ್ನಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಪ್ಯಾಕಿಂಗ್ ದಿನ ನೆನಪಾಗುವ ವಿಷಯ ಅಲ್ಲ ಅದು.

ಕೊನೆಗೆ ಸಾಗಾಟ. 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ (ಜಿಎಸ್‌ಟಿಯ ಸಾಗಾಟ ಚೀಟಿ) ಬೇಕು, ಅದರ ಅವಧಿ 200 ಕಿಮೀಗೆ ಒಂದು ದಿನ. ಲಾರಿ ಗೊತ್ತಾಗುವ ಮುಂಚೆ ವಾಹನದ ವಿವರ ತುಂಬಿದರೆ ಗೋಡೌನಿನಲ್ಲೇ ಅವಧಿ ಓಡುತ್ತದೆ. ಮನೆಮನೆಗೆ ಕೊರಿಯರ್ ಆದರೆ 30×30×7 ಸೆಂಮೀ ಬಾಕ್ಸಿನ ಮೂರೂ ಅಳತೆ ಗುಣಿಸಿ, 5,000ದಿಂದ ಭಾಗಿಸಿ 1.26 ಕೆಜಿ ಲೆಕ್ಕ ಹಾಕುತ್ತಾರೆ, ತಕ್ಕಡಿ ಒಂದೇ ಕೆಜಿ ತೋರಿಸಿದರೂ. ವಿಳಾಸದ ಪಟ್ಟಿಯನ್ನು ಫೈಲಿನ ಸಹಿಯ ಜೊತೆಗೇ ಕೇಳಿ, ಪಿನ್‌ಕೋಡ್‌ಗಳನ್ನು ಆಗಲೇ ಪರೀಕ್ಷಿಸಿ. ಪ್ಯಾಕ್ ಆದ ಮೇಲೆ ಕೇಳಿದ ಪಟ್ಟಿ ಬರುವುದಕ್ಕೆ ಒಂದು ವಾರ, ಅದರಲ್ಲಿ ಫೋನ್ ನಂಬರಿಲ್ಲದ ಸಾಲುಗಳನ್ನು ಸರಿಪಡಿಸುವುದಕ್ಕೆ ಇನ್ನೆರಡು ದಿನ.